ಹಳೆಯ ಸ್ಕೋರ್‌ಕಾರ್ಡ್‌ಗಳ ಭಂಡಾರ: ಒಂದು ವರ್ಷದ ಚಂದಾದಾರನ ಅನುಭವ

ಇಂಗ್ಲೆಂಡಿನ ಕೌಂಟಿ (ಜಿಲ್ಲಾವಾರು ತಂಡಗಳ) ಕ್ರಿಕೆಟ್ಟಿನ ಆರಂಭದ ದಿನಗಳ ಸ್ಕೋರ್‌ಕಾರ್ಡ್‌ಗಳನ್ನು ಚಂದಾದಾರರಿಗೆ ಒದಗಿಸುವ ಅಂತರ್ಜಾಲ ಸೇವೆಯೊಂದನ್ನು ಒಂದು ವರ್ಷದಿಂದ ಬಳಸುತ್ತಿದ್ದೇನೆ. ಇಂತಹ ಸೇವೆಯನ್ನು ಪ್ರಸಿದ್ಧರ ಹೆಸರು ಹಿಡಿದು ಪರೀಕ್ಷಿಸಿ ಪ್ರಯೋಜನವಿಲ್ಲ, ಡಬ್ಲ್ಯು.ಜಿ. ಗ್ರೇಸ್ ಅವರ ಅಂಕಿಅಂಶಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಒಂದೇ ಬೇಸಿಗೆ ಆಡಿ ಮರೆಯಾದವರ ಪುಟ ಹೇಗಿದೆ ಎಂದು ನೋಡಬೇಕು. ಆದ್ದರಿಂದ ನಾನು ಮೊದಲು ಹುಡುಕಿದ್ದು ಡರ್ಬಿಶೈರ್ ತಂಡದ ಡವ್ ಗ್ರೆಗರಿ ಅವರನ್ನು.

ಡರ್ಬಿಶೈರ್ ಕ್ಲಬ್ ಸ್ಥಾಪನೆಯಾದದ್ದು 1870ರ ನವೆಂಬರ್‌ನಲ್ಲಿ. ಮರುವರ್ಷದ ಮೇ ತಿಂಗಳಲ್ಲಿ, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ, ಅದು ತನ್ನ ಮೊದಲ ಕೌಂಟಿ ಪಂದ್ಯದಲ್ಲೇ ಲ್ಯಾಂಕಶೈರ್ ತಂಡವನ್ನು 25 ರನ್‌ಗಳಿಗೆ ಉರುಳಿಸಿ, ಇನಿಂಗ್ಸ್ ಮತ್ತು 11 ರನ್‌ಗಳಿಂದ ಗೆದ್ದಿತು. ಪ್ರಥಮ ದರ್ಜೆಯಲ್ಲಿ ಲ್ಯಾಂಕಶೈರ್‌ನ ಕನಿಷ್ಠ ಮೊತ್ತ ಇಂದಿಗೂ ಅದೇ. ಗ್ರೆಗರಿ 9 ರನ್ ಕೊಟ್ಟು 6 ವಿಕೆಟ್ ಪಡೆದರು. ಉಳಿದ 4 ವಿಕೆಟ್‌ಗಳು 16 ರನ್‌ಗಳಿಗೆ ವಿಲಿಯಂ ಹಿಕ್ಟನ್ ಅವರ ಪಾಲಾದವು. ಈ ಎರಡು ಸಾಲುಗಳನ್ನು ಕೂಡಿಸಿ ನೋಡಿದಾಗ ಸರಿಯಾಗಿ 25 ಬಂದಿತು. ಅಂದರೆ ಇಡೀ ಇನಿಂಗ್ಸ್‌ನಲ್ಲಿ ಬೌಲರ್‌ಗಳ ಲೆಕ್ಕಕ್ಕೆ ಸೇರದ ಒಂದೇ ಒಂದು ಇತರೆ ರನ್ (ಬೈ ಮುಂತಾದವು) ಕೂಡ ಹೋಗಿರಲಿಲ್ಲ. ವಿಕೆಟ್ ಕೀಪರ್ ಎಷ್ಟು ಎಚ್ಚರದಿಂದ ನಿಂತಿದ್ದರೆಂಬುದು ಆ ಸೊನ್ನೆಯಲ್ಲಿ ಕಾಣುತ್ತದೆ.

ಕಾರ್ಡ್‌ನಲ್ಲಿರುವ ಯಾವ ಹೆಸರನ್ನು ಒತ್ತಿದರೂ ಆ ಆಟಗಾರರ ಇತರ ಪಂದ್ಯಗಳು ತೆರೆದುಕೊಳ್ಳುವುದು ಈ ಸೇವೆಯ ದೊಡ್ಡ ಗುಣ. ಹಿಕ್ಟನ್ ಹೆಸರನ್ನು ಒತ್ತಿದಾಗ, ಅವರು ಹಿಂದಿನ ವರ್ಷ ಇದೇ ಮೈದಾನದಲ್ಲಿ ಇದೇ ಲ್ಯಾಂಕಶೈರ್ ಪರವಾಗಿ ಹ್ಯಾಂಪ್‌ಶೈರ್ ವಿರುದ್ಧ ಒಂದು ಇನಿಂಗ್ಸ್‌ನ ಹತ್ತೂ ವಿಕೆಟ್ ಕಿತ್ತಿದ್ದವರೆಂದು ತಿಳಿದು ರೋಮಾಂಚನವಾಯಿತು. ಆಗ ಹೀಗೆ ತಂಡ ಬದಲಿಸಲು ಅಡ್ಡಿಯಿರಲಿಲ್ಲ; ಜನನ ಅಥವಾ ವಾಸದ ಆಧಾರದ ಮೇಲೆ ಒಂದು ಋತುವಿಗೆ ಒಂದೇ ಕೌಂಟಿ ಎಂಬ ಕಟ್ಟುಪಾಡು ಬಂದದ್ದು 1873ರಲ್ಲಿ.

ಹುಡುಕಾಟದ ವ್ಯವಸ್ಥೆ ಮಾತ್ರ ತೃಪ್ತಿಕರವಾಗಿಲ್ಲ. 'ಡಿ. ಗ್ರೆಗರಿ' ಎಂದು ಟೈಪಿಸಿದರೆ 1877ರ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ನಾಯಕರಾಗಿದ್ದ ಡೇವ್ ಗ್ರೆಗರಿ ಎದುರಾಗುತ್ತಾರೆ. ಡವ್ ಅವರನ್ನು ಕಾಣಬೇಕಾದರೆ ಪೂರ್ಣ ಹೆಸರು ಮೊದಲೇ ತಿಳಿದಿರಬೇಕು. ಮರೆತುಹೋದವರನ್ನು ಹುಡುಕುವವರಿಗೆ ಇದು ಸಣ್ಣ ಅಡಚಣೆಯಲ್ಲ. ಇನ್ನೊಂದು ಲೋಪ ಓವರ್‌ಗಳ ಕಾಲಂನಲ್ಲಿದೆ. ಆಗ ಓವರಿಗೆ ನಾಲ್ಕೇ ಎಸೆತಗಳಿದ್ದವು; ಆ ಟಿಪ್ಪಣಿ ಇಲ್ಲದ ಕಾರಣ ಹೊಸಬರು ಆರರಿಂದ ಗುಣಿಸಿ, ಬೌಲರ್ ನಿಜಕ್ಕಿಂತ ಹೆಚ್ಚು ದುಡಿದರೆಂದು ಭಾವಿಸುವ ಸಾಧ್ಯತೆಯಿದೆ. ಈ ಎರಡನ್ನೂ ಬರೆದು ತಿಳಿಸಿದ್ದೇನೆ. ಸ್ವೀಕೃತಿಯ ಉತ್ತರ ಬಂದಿದೆ, ತಿದ್ದುಪಡಿ ಇನ್ನೂ ಆಗಿಲ್ಲ.

ಗ್ರೆಗರಿ ಅವರ ಕೌಂಟಿ ಆಟ ಆ ಬೇಸಿಗೆಯೊಂದಿಗೇ ಮುಗಿಯಿತು. ಅವರ ಪುಟ ನನ್ನ ಪರದೆಯ ಅರ್ಧದಷ್ಟೂ ತುಂಬುವುದಿಲ್ಲ. ಆದರೂ ಪ್ರತಿ ಪಂದ್ಯವನ್ನೂ ಗ್ರೇಸ್ ಅವರ ಪಂದ್ಯಗಳಷ್ಟೇ ಶ್ರದ್ಧೆಯಿಂದ ದಾಖಲಿಸಲಾಗಿದೆ. ಒಬ್ಬಿಬ್ಬರು ಆಟಗಾರರನ್ನಷ್ಟೇ ನೋಡಬೇಕೆನ್ನುವವರಿಗೆ ಒಂದು ತಿಂಗಳ ಚಂದಾ ಸಾಕು. ನಾನಂತೂ ಇನ್ನೊಂದು ವರ್ಷಕ್ಕೆ ನವೀಕರಿಸಿದ್ದೇನೆ. 1871ರ ಉಳಿದ ಕಾರ್ಡ್‌ಗಳನ್ನು ಓದುವುದು ಬಾಕಿ ಇದೆ.