ಮಿನಿಯೇಚರ್ ಡ್ಯಾಷ್‌ಹುಂಡ್‌ಗೆ 24 ಇಂಚಿನ ತಂತಿ ಕ್ರೇಟ್: ವರ್ಷಗಟ್ಟಲೆ ಬಳಸಿದ ಮೇಲೆ

ಡ್ಯಾಷ್‌ಹುಂಡ್ ಸಾಕಿದವರಿಗೆ ಗೊತ್ತು, ಈ ನಾಯಿಗೆ ಎತ್ತರವಿಲ್ಲ, ಅಂಥಾ ತೂಕವೂ ಇಲ್ಲ, ಇರುವುದೆಲ್ಲ ಉದ್ದವೇ. ಕ್ರೇಟ್, ಅಂದರೆ ಮನೆಯೊಳಗೆ ನಾಯಿ ಮಲಗಲು ಇಡುವ ಪಂಜರ, ಮಾರುವವರು ಮಾತ್ರ ಪೆಟ್ಟಿಗೆಯ ಮೇಲೆ ತೂಕದ ಪಟ್ಟಿ ಅಚ್ಚು ಹಾಕಿಸುತ್ತಾರೆ. ನಾವು ನೋಡಿದ ಪಟ್ಟಿಯ ಪ್ರಕಾರ ಐದು ಕಿಲೋ ಒಳಗಿನ ನಾಯಿಗೆ 22 ಇಂಚು ಸಾಕು. ನಮ್ಮ ಚುಕ್ಕಿ ಈಗಲೂ ಐದು ಕಿಲೋ ದಾಟಿಲ್ಲ. ಆದರೆ 22 ಇಂಚಿನದರಲ್ಲಿ ಅವಳು ಕಾಲು ಚಾಚಿ ಮಲಗುವ ಹಾಗಿಲ್ಲ. ಪುಟ್ಟ ತಳಿ ಅಂದ ಕೂಡಲೇ ಪುಟ್ಟ ಕ್ರೇಟ್ ಅಂತ ಲೆಕ್ಕ ಹಾಕಬೇಡಿ. ಪಟ್ಟಿ ಬದಿಗಿಟ್ಟು ಟೇಪು ಹಿಡಿಯಿರಿ.

ಮರಿ ಇನ್ನೂ ಬೆಳೆಯುತ್ತಿರುತ್ತದಲ್ಲ, ಅದನ್ನು ಅಳೆದು ಏನು ಪ್ರಯೋಜನ? ನಾವು ಅಳೆದದ್ದು ಅದರ ತಾಯಿಯನ್ನು. ಮರಿ ನೋಡಲು ಹೋದಾಗಲೇ ಟೇಪು ಜೇಬಿನಲ್ಲಿತ್ತು. ನಾಯಿ ನಿಂತಿರುವಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆಯಬೇಕು, ಬಾಲ ಲೆಕ್ಕಕ್ಕಿಲ್ಲ. ಅದಕ್ಕೆ ಎರಡರಿಂದ ನಾಲ್ಕು ಇಂಚು ಸೇರಿಸಿದರೆ ಕ್ರೇಟಿನ ಉದ್ದ. ಎತ್ತರಕ್ಕೆ, ಕೂತಾಗ ನೆಲದಿಂದ ನೆತ್ತಿಯವರೆಗೆ ಅಳೆದು ಅಷ್ಟೇ ಬಿಡುವು ಕೊಡಬೇಕು. ಕಿವಿ ನೆಟ್ಟಗಿರುವ ತಳಿಯಾದರೆ ಕಿವಿಯ ತುದಿಯವರೆಗೆ. ಆ ತಾಯಿ ಟೇಪನ್ನು ಕಚ್ಚಿ ಎಳೆದಾಡುತ್ತಲೇ ಅಳತೆ ಕೊಟ್ಟಳು. 24 ಇಂಚು ಅಂತ ಅಲ್ಲೇ ತೀರ್ಮಾನವಾಯಿತು.

ಮರಿಗೆ ಇದು ದೊಡ್ಡದಾಗುತ್ತದೆ, ನಿಜ. ದೊಡ್ಡದಾದರೆ ಒಂದು ಮೂಲೆಯಲ್ಲಿ ಉಚ್ಚೆ ಮಾಡಿ ಇನ್ನೊಂದು ಮೂಲೆಯಲ್ಲಿ ಆರಾಮಾಗಿ ಮಲಗುತ್ತದೆ. ಮಲಗುವ ಜಾಗ ಗಲೀಜು ಮಾಡಬಾರದು ಅನ್ನುವ ನಾಯಿಯ ಸ್ವಭಾವವೇ ಇಲ್ಲಿ ನಮಗೆ ಆಸರೆ. ಅದನ್ನು ಕೆಡಿಸಿಕೊಂಡರೆ ಕ್ರೇಟ್ ಇಟ್ಟೂ ಉಪಯೋಗವಿಲ್ಲ. ಹಾಗಾಗಿ ನಡುವೆ ಸಿಕ್ಕಿಸುವ ತಡೆಜಾಲರಿ, ಅಂದರೆ ಡಿವೈಡರ್, ಜೊತೆಗೇ ಬರುವ ಮಾದರಿಯನ್ನೇ ತಗೊಳ್ಳಿ. ಮರಿ ಎದ್ದು ನಿಂತು, ತಿರುಗಿ, ಮೈಚಾಚಿ ಮಲಗುವಷ್ಟು ಜಾಗ ಮಾತ್ರ ಬಿಟ್ಟು ಉಳಿದದ್ದು ಮುಚ್ಚಿಡಬೇಕು. ಬೆಳೆದ ಹಾಗೆ ಹಿಂದಕ್ಕೆ ಸರಿಸುತ್ತಾ ಹೋಗುವುದು. ಪುಟ್ಟ ತಳಿಗಳು ಬೇಗ ಬೆಳೆದು ನಿಲ್ಲುತ್ತವೆ, ನಮ್ಮ ಡಿವೈಡರನ್ನು ಚುಕ್ಕಿಗೆ ವರ್ಷ ತುಂಬುವ ಮೊದಲೇ ತೆಗೆದಿಟ್ಟೆವು. ಜೋಡಿಸುವಾಗ ಜಾಲರಿಯ ಕೊಕ್ಕೆಗಳ ಚೂಪು ತುದಿ ಮರಿಯ ಕಡೆಗೆ ಬರದ ಹಾಗೆ ನೋಡಿಕೊಳ್ಳಿ. ಇದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದದ್ದು ನಾನು ನೋಡಿಲ್ಲ.

ಪ್ಲಾಸ್ಟಿಕ್ಕಿನದು, ಬಟ್ಟೆಯದು ಯಾಕೆ ಬೇಡ ಅಂದಿರಿ ಅಂತ ತುಂಬಾ ಜನ ಕೇಳುತ್ತಾರೆ. ಬಟ್ಟೆಯದು ಹಗುರ, ನೋಡಲೂ ಚಂದ. ಆದರೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವ ಮೂರರಿಂದ ಏಳು ತಿಂಗಳ ನಡುವೆ ಮರಿಗೆ ಕಚ್ಚದೆ ಇರಲು ಆಗುವುದಿಲ್ಲ, ಮೊದಲು ಹೋಗುವುದೇ ಜಿಪ್ಪು. ಉಚ್ಚೆ ಇಳಿದರೆ ವಾಸನೆಯೂ ಬಿಡುವುದಿಲ್ಲ. ಬೆಳೆದ, ಸಮಾಧಾನದ ನಾಯಿಗೆ ಪ್ರಯಾಣದಲ್ಲಿ ಪರವಾಗಿಲ್ಲ. ಪ್ಲಾಸ್ಟಿಕ್ಕಿನದು ಗಟ್ಟಿ, ಬೆಚ್ಚಗೆ, ಒಳಗೆ ಮಬ್ಬುಗತ್ತಲೆ. ಕೆಲವು ನಾಯಿಗಳಿಗೆ ಅದೇ ಇಷ್ಟ. ವಿಮಾನದ ಸರಕು ವಿಭಾಗದಲ್ಲಿ ನಾಯಿ ಕಳಿಸುವ ಯೋಚನೆ ಇದ್ದರೆ ಇದೇ ಬೇಕು. ಮಡಿಸುವ ತಂತಿ ಕ್ರೇಟನ್ನು ಅಲ್ಲಿ ಒಪ್ಪುವುದಿಲ್ಲ. ಮನೆಗೆ ಮಾತ್ರ ತಂತಿಯದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಗಾಳಿಯಾಡುತ್ತದೆ, ಮರಿಗೆ ಮನೆಮಂದಿ ಕಾಣುತ್ತಾರೆ, ಮಡಿಸಿ ಮಂಚದ ಕೆಳಗೆ ತಳ್ಳಬಹುದು. ಚಳಿಗೆ ಮೂರು ಕಡೆ ಚಾದರ ಹೊದಿಸಿದರೆ ಆಯಿತು. ಪಗ್, ಶಿಟ್ಜು ಥರದ ಚಪ್ಪಟೆ ಮೂಗಿನ ನಾಯಿಗೆ ಸೆಕೆ ತಡೆಯುವುದಿಲ್ಲ, ಅವಕ್ಕೆ ಹೊದಿಸುವಾಗ ಹುಷಾರು.

ಈಗ ಬಾಗಿಲಿನ ವಿಷಯ. ಇಷ್ಟು ವರ್ಷ ಬಳಸಿದ ಮೇಲೆ ಹೇಳುತ್ತೇನೆ, ಕ್ರೇಟಿನ ಒಳ್ಳೆಯದು ಕೆಟ್ಟದ್ದು ಎಲ್ಲ ಇರುವುದು ಅದರ ಬಾಗಿಲಲ್ಲಿ. ಅಂಗಡಿಯಲ್ಲಿ ಬಾಗಿಲು ಮುಚ್ಚಿ, ಚಿಲಕ ಹಾಕಿ, ಕೆಳಗಿನ ಮೂಲೆಯನ್ನು ಹೆಬ್ಬೆರಳಿನಿಂದ ಒಳಗಿಂದ ಹೊರಗೆ ಒತ್ತಿ. ಒಂದೇ ಚಿಲಕ ನಡುವೆ ಇರುವ ಬಾಗಿಲು ಆ ಮೂಲೆಯಲ್ಲಿ ಬಾಗಿ ಸಂದಿ ಬಿಡುತ್ತದೆ. ಎರಡು ಬೆರಳು ತೂರಿದರೆ ಆ ಕ್ರೇಟ್ ಬೇಡ. ಬಿಲ ತೋಡಲು ಅಂತಲೇ ಬೆಳೆಸಿದ ತಳಿ ಇದು, ಇಂಥ ಸಂದಿ ಕಂಡರೆ ಮೂಗು ಹಾಕಿ ತಳ್ಳದೆ ಬಿಡುವುದಿಲ್ಲ. ತಳ್ಳಿ ತಲೆ ಸಿಕ್ಕಿಸಿಕೊಂಡರೆ ಗತಿ? ನಮ್ಮದಕ್ಕೆ ಮೇಲೊಂದು ಕೆಳಗೊಂದು ಚಿಲಕ ಇದೆ, ಇವತ್ತಿಗೂ ಸಡಿಲವಾಗಿಲ್ಲ. ಕಂಬಿಗಳ ನಡುವಿನ ಅಂತರವನ್ನೂ ಮರಿಯ ಗಾತ್ರಕ್ಕೆ ಹೋಲಿಸಿ ನೋಡಿ. ತಲೆ ತೂರಬಾರದು, ಕಚ್ಚಲು ಹೋದಾಗ ಕೆಳದವಡೆ ಸಿಕ್ಕಬಾರದು. ಒಳಗೆ ಬಿಡುವ ಮೊದಲು ಕೊರಳ ಬೆಲ್ಟ್ ಬಿಚ್ಚಿ. ಬೆಲ್ಟಿನ ಬಿಲ್ಲೆ ಕಂಬಿಗೆ ಸಿಕ್ಕಿದರೆ ಉಸಿರು ಕಟ್ಟಬಹುದು.

ಬಾಗಿಲಿನ ಹೊಸ್ತಿಲು ಎಷ್ಟು ಎತ್ತರ ಅನ್ನುವುದನ್ನೂ ಗಮನಿಸಿ. ಮೊಣಕಾಲೇ ಇಲ್ಲದ ಹಾಗೆ ನಡೆಯುವ ನಾಯಿಗೆ ಎರಡು ಇಂಚೂ ಬೆಟ್ಟ. ನಮ್ಮದರಲ್ಲಿ ಉದ್ದದ ಪಕ್ಕಕ್ಕೂ ಒಂದು ಬಾಗಿಲಿದೆ, ಅಲ್ಲಿ ಹೊಸ್ತಿಲು ತಗ್ಗು. ಚುಕ್ಕಿ ಓಡಾಡುವುದು ಅಲ್ಲಿಂದಲೇ.

ಇಷ್ಟು ಸಣ್ಣ ಜೀವವನ್ನು ಕೂಡಿಹಾಕುವುದು ಪಾಪ ಅಲ್ವಾ ಅಂತ ನಮ್ಮತ್ತೆ ಮೊದಲ ವಾರವೆಲ್ಲ ಗೊಣಗಿದರು. ಅದೇನು ಅಜ್ಜಿಯ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಪ್ರಯಾಣದಂಥ ಕೆಲವು ಸಂದರ್ಭ ಬಿಟ್ಟರೆ ನಾಯಿಯನ್ನು ಹೀಗೆ ಮನೆಯೊಳಗೆ ಕೂಡಿಡಲು ಕಾನೂನೇ ಬಿಡುವುದಿಲ್ಲ. ನಮ್ಮಲ್ಲಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಊಟ ಒಳಗೆ, ಆಟಿಕೆ ಒಳಗೆ. ಮೊದಮೊದಲು ಅವಳು ತಿನ್ನುವಾಗ ಒಂದು ಗಳಿಗೆ ಮುಚ್ಚಿ, ಕುಂಯ್‌ಗುಟ್ಟುವ ಮೊದಲೇ ತೆರೆಯುತ್ತಿದ್ದೆವು. ರಾತ್ರಿ ಕ್ರೇಟ್ ನಮ್ಮ ಮಂಚದ ಪಕ್ಕ. ಶಿಕ್ಷೆಗೆ ಅಂತ ಒಂದು ಸಲವೂ ಒಳಗೆ ಹಾಕಿಲ್ಲ. ಎಷ್ಟು ಹೊತ್ತು ಮುಚ್ಚಿಡಬಹುದು ಅನ್ನುವುದಕ್ಕೆ ಒಂದು ಸುಮಾರು ಲೆಕ್ಕ ಇದೆ: ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ. ಪುಟ್ಟ ತಳಿಯ ಮೂತ್ರಕೋಶವೂ ಪುಟ್ಟದು, ಅದಕ್ಕಿಂತ ಕಮ್ಮಿಯೇ ಇಟ್ಟುಕೊಳ್ಳಿ. ಚಿವಾವಾ, ಯಾರ್ಕಿ ಥರದ ತೀರಾ ಸಣ್ಣ ಮರಿಗಳಿಗೆ ಹೊಟ್ಟೆ ಖಾಲಿ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿಯುವ ಅಪಾಯ ಬೇರೆ. ದಿನವಿಡೀ ಮನೆಯಲ್ಲಿ ಯಾರೂ ಇರದವರಿಗೆ ಯಾವ ಕ್ರೇಟೂ ಪರಿಹಾರವಲ್ಲ, ಸುಮ್ನೆ ಕೊಳ್ಳಬೇಡಿ.

ಇದರ ನಿಜವಾದ ಬೆಲೆ ನಮಗೆ ಗೊತ್ತಾಗಿದ್ದು ಚುಕ್ಕಿಗೆ ಬೆನ್ನು ಹಿಡಿದಾಗ. ಉದ್ದ ಬೆನ್ನು, ಗಿಡ್ಡ ಕಾಲಿನ ಈ ತಳಿಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಬೇರೆ ನಾಯಿಗಳಿಗಿಂತ ಜಾಸ್ತಿ. ಒಂದು ಬೆಳಗ್ಗೆ ಸೋಫಾ ಹತ್ತಲು ಹೋಗಿ ನಿಂತುಬಿಟ್ಟಳು, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ಮುಟ್ಟಿದರೆ ನಡುಗುತ್ತಿದ್ದಳು. ಡಾಕ್ಟರು ಮದ್ದಿನ ಜೊತೆ ಹೇಳಿದ್ದು ಒಂದೇ, ವಾರಗಟ್ಟಲೆ ಕ್ರೇಟಿನಲ್ಲೇ ವಿಶ್ರಾಂತಿ, ಹೊರಗೆ ಬರುವುದು ಉಚ್ಚೆ ಕಕ್ಕಕ್ಕೆ ಮಾತ್ರ. ಅದೇ ಡಾಕ್ಟರ ಬಳಿ ಬಂದಿದ್ದ ಇನ್ನೊಂದು ಡ್ಯಾಷ್‌ಹುಂಡ್ ಕ್ರೇಟನ್ನೇ ಕಂಡಿರಲಿಲ್ಲವಂತೆ. ಒಳಗೆ ಹಾಕಿದರೆ ಹಾರಾಡಿ ಬೆನ್ನಿಗೆ ಇನ್ನಷ್ಟು ಪೆಟ್ಟು ಮಾಡಿಕೊಳ್ಳುತ್ತಿತ್ತು ಅಂತ ಅದರ ಯಜಮಾನರು ಒದ್ದಾಡುತ್ತಿದ್ದರು. ಚುಕ್ಕಿ ಮಾತ್ರ ತನ್ನ ಜಾಗ ಅಂತ ಹೋಗಿ ಮಲಗಿದಳು. ಕ್ರೇಟಿನ ತಳದ ಟ್ರೇ ಜಾರುತ್ತದೆ ಅಂತ ಹಾಸಿಗೆಯ ಕೆಳಗೆ ರಬ್ಬರ್ ಮ್ಯಾಟ್ ಹಾಕಿದೆವು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ನೇರ. ಪಕ್ಕದ ಬಾಗಿಲು ಇಲ್ಲದಿದ್ದರೆ ಹೀಗೆ ಎತ್ತಲು ಕೈಯೇ ಆಡುತ್ತಿರಲಿಲ್ಲ. ಈಗ ಓಡಾಡುತ್ತಾಳೆ, ಸೋಫಾ ಮಾತ್ರ ಬಂದ್.

ಕುಂದುಕೊರತೆ ಇಲ್ಲದಿಲ್ಲ. ರಾತ್ರಿ ಮಗ್ಗುಲು ಬದಲಿಸಿದರೆ ತಂತಿ ಕಟಕಟ ಅನ್ನುತ್ತದೆ. ಕೂಡು ಜಾಗಗಳಿಗೆ ಕೇಬಲ್ ಟೈ ಬಿಗಿದ ಮೇಲೆ ನಿಂತಿತು. ಉಚ್ಚೆ ತಾಗಿದ ಕೆಳಗಿನ ಕಂಬಿಗಳಲ್ಲಿ ಕಪ್ಪು ಲೇಪ ಎದ್ದು ತುಕ್ಕು ಹಿಡಿದಿದೆ. ತೊಳೆಯಲು ಅಮೋನಿಯಾ ಇರುವ ದ್ರಾವಣ ಬಳಸಬೇಡಿ, ಅದರ ವಾಸನೆ ನಾಯಿಗೆ ಉಚ್ಚೆಯ ವಾಸನೆಯಂತೆಯೇ, ಮತ್ತೆ ಅಲ್ಲೇ ಮಾಡುತ್ತದೆ. ಎಂಜೈಮ್ ಇರುವ ಕ್ಲೀನರ್ ಒಳ್ಳೆಯದು.

ದೊಡ್ಡ ತಕರಾರು ಟ್ರೇಯದ್ದು. ತೆಳು ಪ್ಲಾಸ್ಟಿಕ್, ಮೂಲೆಯಲ್ಲಿ ಸೀಳಿತು. ಬಿಡಿ ಟ್ರೇ ಕೇಳಿದರೆ ಕಂಪನಿಯವರು ಆ ಮಾದರಿ ನಿಲ್ಲಿಸಿದ್ದೇವೆ, ಪೂರ್ತಿ ಕ್ರೇಟೇ ತಗೊಳ್ಳಿ ಅಂದರು. ಕೊನೆಗೆ ಅಳತೆಗೆ ತಗಡು ಕತ್ತರಿಸಿ, ಅಂಚು ಮಡಿಸಿ ಹಾಕಿಸಿದ್ದೇವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನೀವು ಕೊಳ್ಳುವಾಗ ಟ್ರೇ ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ಕೇಳಿ.