ಕ್ಯೂವೈ 10ರ ಹೊಟ್ಟೆಯೊಳಗಿನ ಸೆಲ್: ನಾಲ್ಕು ಥರ ಹಾಕಿ ನೋಡಿದೆ

ನನ್ನ ಹಳೇ ಸಂಗೀತ ಯಂತ್ರದಲ್ಲಿ ಹಾಡುಗಳನ್ನು ನೆನಪಿಟ್ಟುಕೊಳ್ಳುವ ಸೆಲ್ಲನ್ನು ಬದಲಿಸಲು ನಾಲ್ಕು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರ್ ಜೋಡಿಸಿದ ಹೋಲ್ಡರ್‌ಗೆ, ಅಂದರೆ ಸೆಲ್ ಕೂರಿಸುವ ಗೂಡಿಗೆ. ಉಳಿದ ಮೂರನ್ನೂ ಮಾಡಿಯೋ ಮಾಡಿಸಿಯೋ ನೋಡಿದ್ದೇನೆ. ಒಂದರಲ್ಲಂತೂ ಐದು ಹಾಡು ಕಳೆದುಕೊಂಡೆ. ಹಾಗಾಗಿ ಇದನ್ನು ತಕ್ಕಡಿ ಹಿಡಿದು ತೂಗಿದ ಹೋಲಿಕೆ ಅಂತ ಯಾರೂ ತಿಳಿಯಬೇಡಿ.

ಸಾಮಾನು ಯಮಹಾ ಕ್ಯೂವೈ 10. 1990ರಲ್ಲಿ ಬಂದ, ಕೈಯಲ್ಲಿ ಹಿಡಿದುಕೊಂಡೇ ಬಾರಿಸುವ ಸೀಕ್ವೆನ್ಸರ್, ಅಂದರೆ ತಾಳ, ಸ್ವರ ಕೂರಿಸಿಟ್ಟರೆ ತಾನೇ ನುಡಿಸುವ ಯಂತ್ರ. ಅಳತೆಯಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ಟಿನಷ್ಟು. ಆರು ಪೆನ್ ಸೆಲ್ ಹಾಕಿ, ಹೆಡ್‌ಫೋನ್ ಸಿಕ್ಕಿಸಿದರೆ ಸಾಕು, ಡ್ರಮ್ಸು, ಬೇಸು, ಕಾರ್ಡ್ಸು ಎಲ್ಲಾ ಒಳಗೇ ಇದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಹಬ್ಬದ ಆರ್ಕೆಸ್ಟ್ರಾಕ್ಕೆ ಬೇಕಾದ ಹಾಡುಗಳ ತಾಳ ಕೂರಿಸುವುದು ನನ್ನ ಹಳೇ ಚಟ. ಫೋನಿನಲ್ಲಿ ಇದಕ್ಕಿಂತ ಚೆನ್ನಾಗಿರುವ ಆ್ಯಪ್‌ಗಳಿವೆ, ಗೊತ್ತು. ಆದರೆ ಫೋನಿನಲ್ಲಿ ಶುರು ಮಾಡಿದ ಹಾಡು ವಾಟ್ಸ್‌ಆ್ಯಪ್‌ನಲ್ಲಿ ಮುಗಿಯುತ್ತದೆ.

ಪೆನ್ ಸೆಲ್ ಇರುವುದು ಬಾರಿಸುವುದಕ್ಕೆ. ನೆನಪಿಟ್ಟುಕೊಳ್ಳುವುದಕ್ಕೆ ಒಳಗೆ ಬೇರೆಯೇ ಒಂದು ಬಿಲ್ಲೆಯಂಥ ಲಿಥಿಯಂ ಸೆಲ್ ಇದೆ, ಸಿಆರ್2032. ಹೆಸರಿನಲ್ಲೇ ಅಳತೆ ಬರೆದಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದು ಸತ್ತರೆ ಯಂತ್ರ ಸಾಯುವುದಿಲ್ಲ, ಅರಳುಮರಳಾಗುತ್ತದೆ. ಆನ್ ಮಾಡಿದರೆ ಕಂಪನಿ ಕೊಟ್ಟ ತಾಳಗಳೆಲ್ಲ ಇರುತ್ತವೆ, ನಾವು ಮಾಡಿಟ್ಟದ್ದು ಮಾತ್ರ ಇರುವುದಿಲ್ಲ. ತೊಂದರೆ ಏನೆಂದರೆ ಈ ಸೆಲ್ಲಿಗೆ ತೆಗೆದು ಹಾಕುವ ಮುಚ್ಚಳ ಇಲ್ಲ. ಅದರ ಎರಡೂ ಮುಖಕ್ಕೆ ತಗಡಿನ ಕಾಲು ಅಂಟಿಸಿ, ಆ ಕಾಲುಗಳನ್ನು ಬೋರ್ಡಿಗೆ ಸೋಲ್ಡರ್ ಮಾಡಿಬಿಟ್ಟಿದ್ದಾರೆ. 1990ರಲ್ಲಿ ಯಂತ್ರ ರೂಪಿಸಲು ಕೂತವರಿಗೆ ನಾವು ಮೂವತ್ತೈದು ವರ್ಷ ಆದ ಮೇಲೂ ಇದನ್ನು ಬಿಡುವುದಿಲ್ಲ ಅಂತ ಹೊಳೆದಿರಲಿಕ್ಕಿಲ್ಲ.

ಮೊದಲನೆಯದು, ಮಾಮೂಲಿ ಸೆಲ್ಲಿಗೇ ಸೋಲ್ಡರ್. ಇದು ನಾನು ಮಾಡಿದ್ದಲ್ಲ, ಮಾಡಿಸಿದ್ದು. ರಿಪೇರಿ ಅಂಗಡಿಗೆ ಹೋದೆ. "ಹತ್ತು ನಿಮಿಷ ಸಾರ್, ಕೂತ್ಕೊಳ್ಳಿ" ಅಂದರು. ಹಳೇದನ್ನು ಕಿತ್ತರು. ಗೋಡೆ ಗಡಿಯಾರದ ಪಕ್ಕ ನೇತುಹಾಕಿದ್ದ ಪಟ್ಟಿಯಿಂದ ಹೊಸ ಸೆಲ್ ಒಂದನ್ನು ಹರಿದು ತೆಗೆದರು. ಅದರ ಹೊಳಪು ಮೈಯನ್ನು ಅರದಿಂದ ಗರಗರ ಉಜ್ಜಿ ಸೋಲ್ಡರಿಂಗ್ ಐರನ್ ಇಟ್ಟರು. ಸೋಲ್ಡರ್ ಹಿಡಿಯಲಿಲ್ಲ. ಇನ್ನೂ ಒತ್ತಿದರು. ಸ್ಟೀಲಿಗೆ ಸೋಲ್ಡರ್ ಸುಲಭಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಫ್ಯಾಕ್ಟರಿಯಲ್ಲಿ ಕಾಲುಗಳನ್ನು ಸ್ಪಾಟ್ ವೆಲ್ಡ್ ಮಾಡಿ ಅಂಟಿಸುತ್ತಾರೆ. ಒಳಗೆ ಪ್ಲಸ್ ಮೈನಸ್ ಬೇರೆ ಮಾಡುವುದು ಪ್ಲಾಸ್ಟಿಕ್ಕಿನ ತೆಳು ಪದರ, ಸುತ್ತಲೂ ಮುಚ್ಚುವುದು ಪ್ಲಾಸ್ಟಿಕ್ಕಿನ ಬಳೆ. ಐರನ್ ಕಾಯುವುದು ಮುನ್ನೂರು ಡಿಗ್ರಿ ಮೇಲೆ. ಒಳಗಿನ ಪ್ಲಾಸ್ಟಿಕ್ ಗತಿ ಏನಾಗಬೇಕು? ಸೆಲ್ ತಯಾರಿಸುವವರೆಲ್ಲ ನೇರ ಸೋಲ್ಡರ್ ಬೇಡ, ಸೋರಬಹುದು, ಸಿಡಿಯಲೂಬಹುದು ಅಂತ ಬರೆದೇ ಇರುತ್ತಾರೆ. ಅದನ್ನು ನಾನು ಓದಿದ್ದು ಆಮೇಲೆ.

ಎರಡು ತಿಂಗಳು ನಡೆಯಿತು. ಗಣೇಶನ ಹಬ್ಬಕ್ಕೆ ಹತ್ತು ದಿನ ಇರುವಾಗ ಆನ್ ಮಾಡಿದರೆ ಬ್ಯಾಕಪ್ ಬ್ಯಾಟರಿ ಇಳಿದಿದೆ ಅನ್ನುವ ಸಂದೇಶ. ಐದು ಹಾಡೂ ಹೋಗಿದ್ದವು. ಬಿಚ್ಚಿ ನೋಡಿದೆ. ಸೆಲ್ಲಿನ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು, ಮೀಟರ್ 1.1 ವೋಲ್ಟ್ ತೋರಿಸಿತು. ನೂರೈವತ್ತು ರೂಪಾಯಿ ಕೂಲಿ ದೊಡ್ಡದಲ್ಲ. ಆ ಹಾಡುಗಳನ್ನು ಮತ್ತೆ ಕೂರಿಸಲು ನಾಲ್ಕು ರಾತ್ರಿ ಹಿಡಿಯಿತು, ಅದು ದೊಡ್ಡದು. ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಮಿಡಿ ಮೂಲಕ ಬಲ್ಕ್ ಡಂಪ್, ಅಂದರೆ ಒಳಗಿರುವುದನ್ನೆಲ್ಲ ಒಟ್ಟಿಗೆ, ಕಳಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಸೋಮಾರಿತನ.

ಎರಡನೆಯದು, ಕಾಲು ಅಂಟಿಸಿಯೇ ಬರುವ ಸೆಲ್. ಇದೇ ಸರಿಯಾದ ಮದ್ದು, ಪುಸ್ತಕದ ಪ್ರಕಾರ. ಹಳೇದು ಹೇಗಿತ್ತೋ ಹಾಗೇ ಕೂರುತ್ತದೆ, ಎತ್ತರ ಅದೇ, ನೋಡಲು ಅಚ್ಚುಕಟ್ಟು. ಕೈ ಪಳಗಿದವರು ಇದನ್ನೇ ಹಾಕಲಿ, ನಾನು ಬೇಡ ಅನ್ನುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ, ಕೊರಿಯರ್ ಸೇರಿ 240 ರೂಪಾಯಿ. ಬಂದದ್ದರ ಕಾಲುಗಳು ನನ್ನ ಬೋರ್ಡಿನ ತೂತುಗಳಿಗಿಂತ ಒಂಚೂರು ಒಳಗಿದ್ದವು. ಇಕ್ಕಳದಲ್ಲಿ ಬಗ್ಗಿಸುವಾಗ ಒಂದು ಕಾಲಿನ ವೆಲ್ಡ್ ಟಕ್ ಅಂತ ಬಿಟ್ಟುಕೊಂಡಿತು. 240 ರೂಪಾಯಿಯ ಸೆಲ್ ಕ್ಷಣದಲ್ಲಿ ಮಾಮೂಲಿ ಸೆಲ್ ಆಯಿತು. ಇನ್ನೊಂದು ತರಿಸುವ ಉಮೇದು ಉಳಿಯಲಿಲ್ಲ. ಅದೂ ಅಲ್ಲದೆ ಇದು ಖಾಲಿಯಾದಾಗ ಮತ್ತೆ ಐರನ್ ಹಿಡಿಯಬೇಕು. ಮೂವತ್ತೈದು ವರ್ಷದ ಬೋರ್ಡ್, ಒಂದೊಂದು ಸಲ ಕಾಯಿಸಿದಾಗಲೂ ತಾಮ್ರದ ಗೆರೆ ಎದ್ದುಬರುತ್ತದೋ ಅಂತ ಜೀವ ಕೈಯಲ್ಲಿ ಹಿಡಿದು ಕೂರಬೇಕು.

ಮೂರನೆಯದು, ಬೋರ್ಡಿನ ಮೇಲೇ ಹೋಲ್ಡರ್. ಕೇಳಲು ಎಲ್ಲಕ್ಕಿಂತ ಸೊಗಸು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 15 ರೂಪಾಯಿ. ಹಾಕಿದೆ, ಕೂತಿತು, ಮುಚ್ಚಳ ಮುಚ್ಚಲಿಲ್ಲ. ಹೋಲ್ಡರ್ ಬರಿಯ ಸೆಲ್ಲಿಗಿಂತ ಎತ್ತರ, ಅಷ್ಟೇ ವಿಷಯ. ಬಲವಂತವಾಗಿ ಸ್ಕ್ರೂ ಬಿಗಿದರೆ ಕೇಸಿನ ಹೊಟ್ಟೆ ಉಬ್ಬಿತು. ಮೇಲಿನ ಪುಟ್ಟ ಗುಂಡಿಗಳಲ್ಲಿ ಎರಡು ಒತ್ತಿದರೆ ಮಾತಾಡಲಿಲ್ಲ. ಬಿಚ್ಚಿದೆ.

ಈಗ ನನ್ನ ಮೆಚ್ಚಿನದು. ಅದೇ ಹೋಲ್ಡರನ್ನು ಬೋರ್ಡಿನಿಂದ ತೆಗೆದು, ಹಳೇ ಕಾಲುಗಳಿದ್ದ ತೂತುಗಳಿಗೆ ಎರಡು ಸಣ್ಣ ವೈರ್ ಹಾಕಿದೆ. ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಇನ್ನೊಂದು ತುದಿಯಲ್ಲಿ ಹೋಲ್ಡರ್. ಅದರ ಬೆನ್ನಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಕೇಸಿನೊಳಗೆ ಖಾಲಿ ಸಿಕ್ಕಿದ ಒಂದು ಮೂಲೆಯಲ್ಲಿ ಡಬಲ್ ಸೈಡ್ ಟೇಪಿನಿಂದ ಕೂರಿಸಿದೆ. ಈ ದಾರಿಯಲ್ಲಿ ಬೋರ್ಡಿಗೆ ಒಂದೇ ಸಲ ಬಿಸಿ ತಾಗಿದರೆ ಸಾಕು, ಸೆಲ್ಲಿಗೆ ತಾಗುವುದೇ ಇಲ್ಲ. ಮುಂದಿನ ಸಲ ಸ್ಕ್ರೂ ಡ್ರೈವರ್ ಒಂದಿದ್ದರೆ ಸಾಕು. ಮೂಲೆಯ ಕಿರಾಣಿ ಅಂಗಡಿಯಲ್ಲೂ ಸಿಗುವ ಸೆಲ್.

ಆದರೆ ಇಲ್ಲಿಯೇ ಎರಡು ಭಾನುವಾರ ಹಾಳಾದವು.

ಮೊದಲ ವಾರ ಟೇಬಲ್ಲಿನ ಮೇಲೆ ಇಟ್ಟಾಗ ಎಲ್ಲಾ ಸರಿ ಇತ್ತು. ಬಸ್ಸಿನಲ್ಲಿ ತೆಗೆದುಕೊಂಡು ಹೋದೆ. ತರೀಕೆರೆ ದಾಟಿದ ಮೇಲೆ ಆನ್ ಮಾಡಿದರೆ ಮತ್ತೆ ಅದೇ ಸಂದೇಶ, ಮತ್ತೆ ಹಾಡು ಖಾಲಿ. ಈ ಸಲ ಪುಣ್ಯಕ್ಕೆ ಒಂದೇ ಹಾಡು ಇತ್ತು. ಮನೆಗೆ ಬಂದು ಸೆಲ್ ಹೊರಗೆ ತೆಗೆದು ಅಳೆದೆ: 3.2 ವೋಲ್ಟ್, ಗುಂಡುಕಲ್ಲಿನ ಹಾಗೆ ಗಟ್ಟಿ. ಹೋಲ್ಡರಿನಲ್ಲಿ ಕೂರಿಸಿ ವೈರಿನ ತುದಿಯಲ್ಲಿ ಅಳೆದೆ: ಸೊನ್ನೆ. ಬೆರಳಲ್ಲಿ ತಟ್ಟಿದೆ: 3.2. ಇನ್ನೊಮ್ಮೆ ತಟ್ಟಿದೆ: ಸೊನ್ನೆ.

ಸೋಲ್ಡರ್ ಸರಿಯಾಗಿ ಹಿಡಿದಿಲ್ಲ ಅಂತ ಎರಡೂ ತುದಿ ಬಿಚ್ಚಿ ಮತ್ತೆ ಹಾಕಿದೆ. ಅದೇ ಕತೆ. ವೈರ್ ಒಳಗೆ ತುಂಡಾಗಿರಬೇಕು ಅಂತ ವೈರ್ ಬದಲಿಸಿದೆ. ಅದೇ. ಹೋಲ್ಡರೇ ಖೊಟ್ಟಿ ಮಾಲು ಅಂತ ಬೈದುಕೊಂಡು, ತಂದಿದ್ದ ಎರಡನೇ ಹೋಲ್ಡರ್ ಹಾಕಿದೆ. ಅದೂ ಹಾಗೇ. ಆ ಹೊತ್ತಿಗೆ ಹೆಂಡತಿ ಬಂದು, ಇದಕ್ಕೆ ಕೊಟ್ಟ ಗಮನದಲ್ಲಿ ಕಾಲು ಭಾಗ ಕೆಟ್ಟ ಮಿಕ್ಸಿಗೆ ಕೊಟ್ಟಿದ್ದರೆ ಚಟ್ನಿಯಾದರೂ ಆಗುತ್ತಿತ್ತು ಅಂದಳು. ಬೇರೆ ಸೆಲ್ ಇದೆಯಾ ಅಂತ ಹುಡುಕಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹಳೇದೊಂದು ಇತ್ತು. ಕಿತ್ತು ಹಾಕಿದೆ. ತಟ್ಟಿದೆ, ಅಲ್ಲಾಡಿಸಿದೆ, ತಲೆಕೆಳಗು ಮಾಡಿದೆ. ಮೀಟರ್ ಸೊನ್ನೆಗೆ ಇಳಿಯಲೇ ಇಲ್ಲ.

ಅಂದರೆ ತಪ್ಪು ನನ್ನ ಕೆಲಸದ್ದಲ್ಲ, ಹೊಸ ಸೆಲ್ಲಿನದು! ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಮೈನಸ್ ಮುಖದ ಅಂಚಿನ ಸುತ್ತ ಮಂಕಾದ ಒಂದು ಉಂಗುರ, ತೆಳುವಾಗಿ ಎಣ್ಣೆ ಸವರಿದ ಹಾಗೆ. ಕಸದ ಬುಟ್ಟಿಯಿಂದ ಪ್ಯಾಕೆಟ್ ಎತ್ತಿ ಓದಿದರೆ ಕಹಿ ಲೇಪನ ಇದೆ ಅಂತ ಸಣ್ಣಕ್ಷರದಲ್ಲಿತ್ತು. ಮಕ್ಕಳು ಬಾಯಿಗೆ ಹಾಕಿದರೆ ಉಗಿಯಲಿ ಅಂತ. ಬೆರಳಲ್ಲಿ ಉಜ್ಜಿ ಬೆರಳು ನೆಕ್ಕಿ ನೋಡಿದೆ. ಹಾಗಲಕಾಯಿ ಇದರ ಮುಂದೆ ಜಾಮೂನು. ಊಟದ ಹೊತ್ತಿನವರೆಗೂ ಬಾಯಿ ಸರಿಹೋಗಲಿಲ್ಲ.

ಲೇಪನ ಹಾಕುವುದರಲ್ಲಿ ತಪ್ಪಿಲ್ಲ, ಹಾಕಲೇಬೇಕು. 20 ಮಿಲಿಮೀಟರಿನ ಈ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಆದರೆ ಆ ಪದರಕ್ಕೆ ಕರೆಂಟ್ ಸರಿಯಾಗಿ ಹಾಯುವುದಿಲ್ಲ. ನನ್ನ ಹೋಲ್ಡರಿನ ಮೈನಸ್ ಕಡ್ಡಿಗಳು ನಡುವಿನಲ್ಲಿ ಕೂರದೆ ಅಂಚಿಗೇ ಕೂರುತ್ತವೆ. ಮೊದಲ ವಾರ ಎಲ್ಲೋ ಒಂದು ಬರಿಯ ಜಾಗಕ್ಕೆ ತಾಗಿಕೊಂಡಿತ್ತು. ಬಸ್ಸಿನ ಕುಲುಕಾಟಕ್ಕೆ ಕೂದಲೆಳೆಯಷ್ಟು ಸರಿಯಿತು, ಅಲ್ಲಿಗೆ ಹಾಡು ಮಾಯ. ಇದು ನನ್ನೊಬ್ಬನ ಗೋಳೂ ಅಲ್ಲ. ಕಹಿ ಲೇಪನದ ಕೆಲವು ಸಿಆರ್2032, ಕಳೆದ ಸಾಮಾನು ಹುಡುಕಲು ಸಿಕ್ಕಿಸುವ ಏರ್‌ಟ್ಯಾಗ್‌ನಲ್ಲಿ ಕೆಲಸ ಮಾಡದೆ ಇರಬಹುದು ಅಂತ ಆಪಲ್‌ನವರೇ ಹೇಳಿದ್ದಾರೆ. ಅಷ್ಟು ಹೊಸ ಸಾಮಾನಿಗೇ ಆ ಪಾಡಾದರೆ, ನನ್ನ 15 ರೂಪಾಯಿ ಹೋಲ್ಡರ್ ಏನು ಮಾಡೀತು?

ಐಸೋಪ್ರೊಪೈಲ್ ಆಲ್ಕೋಹಾಲನ್ನು ಕಿವಿಕಡ್ಡಿಗೆ ಹಚ್ಚಿ ಆ ಉಂಗುರವನ್ನು ನಾಲ್ಕೈದು ಸಲ ಉಜ್ಜಿದೆ, ಪೂರ್ತಿ ಹೋಯಿತು. ಯಂತ್ರದೊಳಗೆ ಸ್ಕ್ರೂ ಬಿಗಿದು ಇಡುವ ಸೆಲ್ ಆದ್ದರಿಂದ ಉಜ್ಜಲು ಧೈರ್ಯ ಮಾಡಿದೆ. ಪ್ಯಾಕೆಟ್ಟಿನಲ್ಲಿ ಉಳಿದವು ಲೇಪನದ ಸಮೇತ ಅಟ್ಟದ ಡಬ್ಬಿಯಲ್ಲಿವೆ, ಅಕ್ಕನ ಮಗು ಆಗಾಗ ಮನೆಗೆ ಬರುತ್ತದೆ.

ಚಾರ್ಜ್ ಆಗುವ ಎಲ್‌ಐಆರ್2032 ಹಾಕಬಹುದಾ ಅಂತ ಭಾವ ಕೇಳಿದರು. ಬೇಡ. ಅಳತೆ ಅದೇ ಆದರೂ ತುಂಬಿದಾಗ 4.2 ವೋಲ್ಟ್, ಹಿಡಿಯುವುದು ಸಿಆರ್‌ನ ಐದನೇ ಒಂದು ಭಾಗದಷ್ಟು, ಈ ಯಂತ್ರದಲ್ಲಿ ಚಾರ್ಜ್ ಮಾಡುವ ಏರ್ಪಾಡೂ ಇಲ್ಲ.

ಎಷ್ಟು ವರ್ಷ ಬಾಳುತ್ತದೆ? ಯಂತ್ರ ಆಫ್ ಇದ್ದಾಗ ನನ್ನ ಮೀಟರಿನಲ್ಲಿ ಸುಮಾರು 2 ಮೈಕ್ರೋ ಆಂಪಿಯರ್ ತೋರಿಸಿತು. ಸೆಲ್ಲಿನಲ್ಲಿ 220 ಮಿಲಿಆಂಪಿಯರ್ ಗಂಟೆಯಷ್ಟು ಇರುತ್ತದೆ. ಭಾಗಿಸಿದರೆ 1,10,000 ಗಂಟೆ, ಅಂದರೆ ಹನ್ನೆರಡು ವರ್ಷದ ಮೇಲೆ. ಸೆಲ್ ತಾನಾಗೇ ಕುಂದುವುದನ್ನೂ ನಮ್ಮೂರಿನ ಮಾರ್ಚ್ ಏಪ್ರಿಲ್ ಬಿಸಿಲನ್ನೂ ಕಳೆದು ನಾನು ಎಂಟು ಅಂತ ಇಟ್ಟುಕೊಂಡಿದ್ದೇನೆ.

ಖರ್ಚಿನ ಲೆಕ್ಕ: ಹೋಲ್ಡರ್ 15, ಸೆಲ್ 50, ವೈರ್ ಹಳೇ ಚಾರ್ಜರಿನದು. ನಿಮ್ಮ ಹತ್ತಿರ ಒಳ್ಳೆ ಐರನ್ ಇದ್ದು, ಕೈ ನಡುಗದಿದ್ದರೆ, ಯಂತ್ರವನ್ನು ಮುಂದೆ ಮಾರುವ ಯೋಚನೆಯೂ ಇದ್ದರೆ ಕಾಲಿರುವ ಸೆಲ್ಲನ್ನೇ ಹಾಕಿ. ಕೊಳ್ಳುವವರು ಬಿಚ್ಚಿ ನೋಡಿದಾಗ ವೈರ್ ನೇತಾಡುತ್ತಿದ್ದರೆ ನೂರು ಪ್ರಶ್ನೆ ಕೇಳುತ್ತಾರೆ. ನಾನು ಮಾರುವುದಿಲ್ಲ. ವರ್ಷದಲ್ಲಿ ಆರು ತಿಂಗಳು ಇದು ಬೀರುವಿನಲ್ಲಿರುತ್ತದೆ, ಹಬ್ಬ ಬಂದಾಗ ಮಾತ್ರ ಹೊರಗೆ ಬರುತ್ತದೆ. ನನ್ನ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದರ ಮೂತಿಯೂ ಸವೆದಿದೆ.

ಕೇಸಿನ ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿ ಸೆಲ್ ಹಾಕಿದ ತಾರೀಕು ಬರೆದಿದ್ದೇನೆ. ಅದರ ಕೆಳಗೆ 'ಅಂಚು ಉಜ್ಜಿ ಹಾಕು' ಅಂತಲೂ ಬರೆದಿದ್ದೇನೆ. ತಕ್ಕಡಿಗೆ ಮಾತ್ರ ಇನ್ನೂ ಸೆಲ್ ತಂದುಕೊಟ್ಟಿಲ್ಲ.