ರಾಜಕುಮಾರಿಯ ಕೈಗೆ ಚಾಣವೋ, ಕುಂಚವೋ?

ಕಲೆಗಾರ್ತಿ ರಾಜಕುಮಾರಿಯೊಬ್ಬಳ ಸುತ್ತ ಅರಮನೆ, ಕಲೆ, ಕ್ರೈಸ್ತ ನಂಬಿಕೆ ಹೆಣೆದು ಹದಿಹರೆಯದವರಿಗೆ ಕಲ್ಪನಾಲೋಕದ ಕಾದಂಬರಿ ಬರೆಯುವವರಿಗೆ ನಮ್ಮ ಭಾಗದಲ್ಲೇ ಎರಡು ಮಾದರಿಗಳಿವೆ: ಲೋಹದ ಮೇಲೆ ಬೆಳ್ಳಿ ಕೂರಿಸುವ ಬೀದರಿನ ಬಿದರಿ, ಸುರಪುರದ ಚಿತ್ರಕಲೆ.

ಬಿದರಿಯಲ್ಲಿ ಕೆಲಸದ ಹಂತಗಳೇ ಅಧ್ಯಾಯಗಳಾಗುತ್ತವೆ. ಬಹುಪಾಲು ಸತು, ಚೂರು ತಾಮ್ರ ಸೇರಿಸಿ ಎರಕ. ಮೈಲುತುತ್ತ ಬಳಿದು ಮೈ ತಾತ್ಕಾಲಿಕವಾಗಿ ಕಪ್ಪಾಗಿಸಿ ಕೆತ್ತನೆ. ಆ ಗೀರಿಗೆ ಬೆಳ್ಳಿ ತಂತಿ ಬಡಿಯುವುದು. ಗೀರು ಆಳವಿಲ್ಲದಿದ್ದರೆ ಉಜ್ಜುವಾಗ ತಂತಿ ಏಳುತ್ತದೆ. ಕೊನೆಗೆ ಕೋಟೆಯ ಮಣ್ಣು, ನವಸಾಗರದ ಮಿಶ್ರಣ ತಾಗಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬೈಬಲಿನ ಯೋಹಾನ 1:5ರ ಕತ್ತಲೆ-ಬೆಳಕು ಉಪದೇಶದ ಹಂಗಿಲ್ಲದೆ ಬಂದುಬಿಡುತ್ತದೆ. ವಿಮೋಚನಕಾಂಡ 31ರ ಕುಶಲಕರ್ಮಿ ಬೆಚಲೇಲನೂ ಲೋಹದ ಕೆಲಸ ಬಲ್ಲವನೇ. ಆದರೆ ಅರಸುಮಗಳು ಕುಲುಮೆಯ ಮುಂದೆ ಕೂತದ್ದೇಕೆ? ಮೊದಲ ಅಧ್ಯಾಯದಲ್ಲೇ ಕಾರಣ ಬೇಕು.

ಸುರಪುರದ ಕಲೆಗೆ ಈ ತೊಡಕಿಲ್ಲ. ನಾಯಕ ಅರಸರ ಆಶ್ರಯ, ಬಂಗಾರದ ಹಾಳೆ, ಕೂದಲೆಳೆಯ ಗೆರೆ. ದರ್ಬಾರಿನ ಒಳಸಂಚಿಗೆ ಹೇಳಿಮಾಡಿಸಿದ್ದು. ಆದರೆ ಅಲ್ಲಿ ಹಿಂದೂ ದೇವತೆಗಳ ಚಿತ್ರ ಮುಖ್ಯ. ಅದರ ಮೇಲೆ ಶಿಲುಬೆ ಅಂಟಿಸಿದರೆ ಎರಡೂ ಕೆಡುತ್ತವೆ (ಓದುಗರು ಪುಸ್ತಕ ಮುಚ್ಚುತ್ತಾರೆ, ಅಷ್ಟೇ). ತಂತ್ರ ಮಾತ್ರ ಪಡೆದು, ರಾಜ್ಯವನ್ನು ಹೊಸದಾಗಿ ಕಟ್ಟಿರಿ.

ಮೊದಲ ಕಾದಂಬರಿಗಾದರೆ ಬಿದರಿಯೇ ವಾಸಿ.